ಐಯುಐಎಸ್‌ಗೆ ನೇರವಾಗಿ ಸದಸ್ಯರಾಗಬಹುದೇ? ಅದರ ಸುದ್ದಿಪತ್ರದಲ್ಲಿ ಪಿಎಚ್‌ಡಿ ವಿದ್ಯಾರ್ಥಿಗೆ ಏನಿದೆ?

ನೀವು ಕೇಳಿರುವುದು ಎರಡು ಪ್ರಶ್ನೆ. ಇಮ್ಯುನಾಲಜಿಯಲ್ಲಿ (ರೋಗನಿರೋಧಕ ಶಾಸ್ತ್ರ) ಪಿಎಚ್‌ಡಿ ಎರಡನೇ ವರ್ಷದಲ್ಲಿರುವ ನೀವು ಇಂಟರ್‌ನ್ಯಾಷನಲ್ ಯೂನಿಯನ್ ಆಫ್ ಇಮ್ಯುನೊಲಾಜಿಕಲ್ ಸೊಸೈಟೀಸ್‌ಗೆ (ಐಯುಐಎಸ್) ಸದಸ್ಯತ್ವ ಪಡೆಯುವುದು ಹೇಗೆ ಎನ್ನುವುದು ಒಂದು. ಅವರ ಸುದ್ದಿಪತ್ರದಲ್ಲಿ ದೊಡ್ಡವರ ಫೋಟೊ, ಪ್ರಶಸ್ತಿ, ಸಮ್ಮೇಳನ ಬಿಟ್ಟು ನಿಮ್ಮಂಥವರಿಗೆ ಏನಾದರೂ ಇದೆಯೇ ಎನ್ನುವುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ: ನೇರವಾಗಿ ಸದಸ್ಯರಾಗುವುದಕ್ಕೆ ಬರುವುದಿಲ್ಲ. ಐಯುಐಎಸ್ ಸಂಘಗಳ ಒಕ್ಕೂಟ. 1969ರಲ್ಲಿ ಶುರುವಾದಾಗಿನಿಂದ ಅದರ ಸದಸ್ಯರು ಎಂದರೆ ಬೇರೆ ಬೇರೆ ದೇಶಗಳ ಇಮ್ಯುನಾಲಜಿ ಸಂಘಗಳೇ ಹೊರತು ವ್ಯಕ್ತಿಗಳಲ್ಲ. ನೀವು ನಿಮ್ಮ ದೇಶದ ಸಂಘಕ್ಕೆ ವರ್ಷದ ಶುಲ್ಕ ಕಟ್ಟುತ್ತೀರಿ, ಆ ಸಂಘ ಐಯುಐಎಸ್‌ಗೆ ತನ್ನ ಪಾಲು ಕಟ್ಟುತ್ತದೆ, ಅಲ್ಲಿಗೆ ನೀವೂ ಆ ಬಳಗದವರಾದಿರಿ. ನಡುವೆ ಪ್ರಾದೇಶಿಕ ಒಕ್ಕೂಟಗಳಿವೆ: ಯುರೋಪಿಗೆ ಇಎಫ್‌ಐಎಸ್, ಏಷ್ಯಾ-ಓಷಿಯಾನಿಯಾಕ್ಕೆ ಎಫ್‌ಐಎಂಎಸ್‌ಎ, ಆಫ್ರಿಕಾಕ್ಕೆ ಎಫ್‌ಎಐಎಸ್, ಲ್ಯಾಟಿನ್ ಅಮೆರಿಕಕ್ಕೆ ಎಎಲ್‌ಎಸಿಐ.

ಇದು ಬರೀ ಆಡಳಿತದ ವಿಷಯ ಅಂತ ತಳ್ಳಿಹಾಕಬೇಡಿ, ನಿಮ್ಮ ಎರಡನೇ ಪ್ರಶ್ನೆಯ ಅರ್ಧ ಉತ್ತರ ಇದರಲ್ಲೇ ಇದೆ. ಟ್ರಾವೆಲ್ ಗ್ರಾಂಟ್ (ಸಮ್ಮೇಳನಕ್ಕೆ ಹೋಗಲು ಕೊಡುವ ಧನಸಹಾಯ) ಆಗಲಿ, ತರಬೇತಿ ಶಿಬಿರದ ಸೀಟಾಗಲಿ, ಪ್ರಕಟಣೆಯ ಕೆಳಗೆ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಅರ್ಜಿದಾರರು ಸದಸ್ಯ ಸಂಘಕ್ಕೆ ಸೇರಿದವರಾಗಿರಬೇಕು, ಆ ಸಂಘ ಬಾಕಿ ಉಳಿಸಿಕೊಂಡಿರಬಾರದು. ಎಂದರೆ ನೀವು ಎಷ್ಟೇ ಚೆನ್ನಾಗಿ ಕೆಲಸ ಮಾಡಿದ್ದರೂ ನಿಮ್ಮ ಸಂಘದ ಖಜಾಂಚಿ ಪಾಲು ಕಟ್ಟಲು ಮರೆತಿದ್ದರೆ ನಿಮ್ಮ ಅರ್ಜಿ ಬದಿಗೆ ಸರಿಯಬಹುದು. ಪ್ರಕಟಣೆಗಳು ಸಂಘದ ಪದಾಧಿಕಾರಿಗಳ ಇಮೇಲ್‌ಗೆ ಬಂದು ಅಲ್ಲೇ ಮಲಗುವುದೂ ಉಂಟು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತು ಈ ಕ್ಷೇತ್ರಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದ್ದರಿಂದ ಸಂಘದಿಂದ ಮುಂದೆ ಬರುವ ಮೇಲ್ ಕಾಯುತ್ತ ಕೂರದೆ ಐಯುಐಎಸ್‌ನ ಸುದ್ದಿಪತ್ರಕ್ಕೂ ನಿಮ್ಮ ಪ್ರಾದೇಶಿಕ ಒಕ್ಕೂಟದ ಸುದ್ದಿಪತ್ರಕ್ಕೂ ನೀವೇ ಹೆಸರು ಕೊಡಿ. ಓದುವುದಕ್ಕೆ ಸದಸ್ಯತ್ವ ಬೇಕಿಲ್ಲ.

ಇನ್ನು ಅದರಲ್ಲಿ ಏನಿದೆ ಎನ್ನುವುದು. ಅತಿ ಹೆಚ್ಚು ಜಾಗ ತಿನ್ನುವುದು ಜಾಗತಿಕ ಸಮ್ಮೇಳನ. 1971ರಲ್ಲಿ ವಾಷಿಂಗ್ಟನ್‌ನಲ್ಲಿ ಮೊದಲನೆಯದು ನಡೆಯಿತು. ಮೂರು ವರ್ಷಕ್ಕೊಮ್ಮೆ ಎನ್ನುವುದು ವಾಡಿಕೆ. 1998ರದು ದೆಹಲಿಯಲ್ಲಿ, 2016ರದು ಮೆಲ್ಬರ್ನ್‌ನಲ್ಲಿ, 2019ರದು ಬೀಜಿಂಗ್‌ನಲ್ಲಿ. ಕೋವಿಡ್ ಆ ಲೆಕ್ಕ ತಪ್ಪಿಸಿತು. ಕೇಪ್‌ಟೌನ್ ಸಮ್ಮೇಳನ 2023ರ ಕೊನೆಗೆ ಹೋಯಿತು, ಮತ್ತೆ 2025ರ ಆಗಸ್ಟ್‌ನಲ್ಲೇ ವಿಯೆನ್ನಾ ಬಂತು. ಕೇಪ್‌ಟೌನ್‌ನದು ಆಫ್ರಿಕಾ ಖಂಡದಲ್ಲಿ ನಡೆದ ಮೊದಲ ಸಮ್ಮೇಳನ. ಆಗ ಐಯುಐಎಸ್ ಅಧ್ಯಕ್ಷೆಯಾಗಿದ್ದವರು ಕೀನ್ಯಾದ ಮಲೇರಿಯಾ ಸಂಶೋಧಕಿ ಫೇಯ್ತ್ ಓಸಿಯರ್. ಅವರ ನಂತರ ಮ್ಯಾಕ್ರೊಫೇಜ್, ಡೆಂಡ್ರಿಟಿಕ್ ಎಂಬ ರೋಗನಿರೋಧಕ ಕೋಶಗಳ ಮೇಲೆ ಕೆಲಸ ಮಾಡುವ ಮಿರಿಯಮ್ ಮೆರಾಡ್ ಆ ಸ್ಥಾನಕ್ಕೆ ಬಂದರು.

ಇಷ್ಟೆಲ್ಲ ಹೇಳಿದರೂ, ಎರಡನೇ ವರ್ಷದಲ್ಲಿರುವವರಿಗೆ ಈ ಮಹಾಸಮ್ಮೇಳನವೇ ಮೊದಲ ಗುರಿಯಾಗಬೇಕು ಅಂತ ನನಗನಿಸುವುದಿಲ್ಲ. ಸಾವಿರಾರು ಜನ, ಒಂದೇ ಹೊತ್ತಿಗೆ ಹಲವು ಸಭಾಂಗಣಗಳಲ್ಲಿ ಉಪನ್ಯಾಸ. ನಿಮ್ಮ ಪೋಸ್ಟರ್ ಮುಂದೆ ನಿಲ್ಲುವವರು ಹೆಚ್ಚಾಗಿ ಪಕ್ಕದ ಪೋಸ್ಟರ್‌ನವರೇ. ಅದಕ್ಕಿಂತ ನಾನು ತರಬೇತಿ ಕೋರ್ಸ್‌ಗಳನ್ನು ಮುಂದೆ ಇಡುತ್ತೇನೆ. ಐಯುಐಎಸ್ ತನ್ನ ಪ್ರಾದೇಶಿಕ ಒಕ್ಕೂಟಗಳ ಜೊತೆ ಸೇರಿ ಬೇರೆ ಬೇರೆ ದೇಶಗಳಲ್ಲಿ ನಡೆಸುವ ಈ ಕೋರ್ಸ್‌ಗಳಲ್ಲಿ ವಿದ್ಯಾರ್ಥಿಗಳು ಕಡಿಮೆ, ಪಾಠ ಮಾಡುವವರು ಕೋರ್ಸ್ ಮುಗಿಯುವವರೆಗೆ ಅಲ್ಲೇ ಇರುತ್ತಾರೆ, ಊಟಕ್ಕೂ ಒಟ್ಟಿಗೇ ಕೂರುತ್ತಾರೆ. ನಿಮ್ಮ ಫ್ಲೋ ಸೈಟೊಮೆಟ್ರಿ ಪ್ಲಾಟ್‌ನ ಗೇಟಿಂಗ್ (ಲೇಸರ್‌ನಿಂದ ಅಳೆದ ಕೋಶಗಳಲ್ಲಿ ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಆಯ್ಕೆ) ಸರಿ ಇದೆಯಾ ಅಂತ ಲ್ಯಾಪ್‌ಟಾಪ್ ತೆಗೆದು ತೋರಿಸಿ ಕೇಳುವ ಅವಕಾಶ ದೊಡ್ಡ ಸಮ್ಮೇಳನದಲ್ಲಿ ಎಲ್ಲಿ ಸಿಗಬೇಕು?

ಈ ಕೋರ್ಸ್‌ಗಳಲ್ಲಿ ಹಲವಕ್ಕೆ ಮೊದಲು ಇಮ್ಯುನೊಪೀಡಿಯಾ ಎಂಬ ಕಲಿಕಾ ತಾಣದಲ್ಲಿ ಕೆಲವು ವಾರಗಳ ಆನ್‌ಲೈನ್ ಪೂರ್ವಪಾಠ ಇರುತ್ತದೆ. ಪಾಠ ಓದಬೇಕು, ರೋಗಿಗಳ ಪ್ರಕರಣಗಳನ್ನು ಬಿಡಿಸಬೇಕು, ಕ್ವಿಜ್ ಬರೆಯಬೇಕು. ಆಮೇಲೆ ಮುಖಾಮುಖಿ ತರಗತಿ. ಇಮ್ಯುನೊಪೀಡಿಯಾ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ್ದು, ಅದರ ಪಾಠಗಳು ಎಲ್ಲರಿಗೂ ಉಚಿತ. ಅಂಬಾಸಿಡರ್ ಅಂತ ಒಂದು ಸ್ವಯಂಸೇವಕ ಕಾರ್ಯಕ್ರಮವೂ ಅಲ್ಲಿದೆ. ಹೊಸ ಸಂಶೋಧನೆಯ ಸಾರಾಂಶ ಬರೆಯುವುದು, ನಿಮ್ಮ ಸುತ್ತಲಿನವರಿಗೆ ಕೋರ್ಸ್‌ಗಳ ಸುದ್ದಿ ಮುಟ್ಟಿಸುವುದು, ಇಂಥ ಕೆಲಸ. ದುಡ್ಡು ಬರುವುದಿಲ್ಲ, ಆದರೆ ಬೇರೆಯವರ ಪೇಪರನ್ನು ಕೆಲವೇ ಸಾಲಿನಲ್ಲಿ ಹೇಳುವ ಅಭ್ಯಾಸ ಥೀಸಿಸ್ ಬರೆಯುವಾಗ ಬಹಳ ಕೈ ಹಿಡಿಯುತ್ತದೆ.

ಗ್ರಾಂಟ್ ವಿಷಯಕ್ಕೆ ಬರೋಣ. ಸಂಘದ ಪರವಾಗಿ ಟ್ರಾವೆಲ್ ಗ್ರಾಂಟ್ ಅರ್ಜಿಗಳನ್ನು ಓದುವ ಕಡೆ ನಾನು ಕೂತಿದ್ದೇನೆ, ಹಾಗಾಗಿ ಇಲ್ಲಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಬಿದ್ದುಹೋಗುವ ಅರ್ಜಿಗಳಲ್ಲಿ ಹೆಚ್ಚಿನವು ವಿಜ್ಞಾನ ಸಾಲದೆ ಬೀಳುವುದಿಲ್ಲ. ಅಬ್‌ಸ್ಟ್ರ್ಯಾಕ್ಟ್‌ನ (ನಿಮ್ಮ ಕೆಲಸದ ಸಾರಾಂಶ) ಕೊನೆಗೆ 'ಫಲಿತಾಂಶಗಳನ್ನು ಸಮ್ಮೇಳನದಲ್ಲಿ ಚರ್ಚಿಸಲಾಗುವುದು' ಅಂತ ಇದ್ದರೆ ಓದುವವರಿಗೆ ಫಲಿತಾಂಶವೇ ಇಲ್ಲ ಎಂದು ಅರ್ಥವಾಗುತ್ತದೆ. ಅಪೂರ್ಣವಾದರೂ ಪರವಾಗಿಲ್ಲ, ಒಂದು ನಿಜವಾದ ಫಲಿತಾಂಶ ಬರೆಯಿರಿ: ಎಷ್ಟು ಇಲಿ, ಯಾವ ಕಂಟ್ರೋಲ್, ಯಾವ ಕೋಶ ಹೆಚ್ಚಾಯಿತು, ಎಷ್ಟರಮಟ್ಟಿಗೆ. 'ಅನುಭವ ಪಡೆಯಲು ಹೋಗಬೇಕು' ಎನ್ನುವ ಕಾರಣವನ್ನು ಎಲ್ಲರೂ ಬರೆಯುತ್ತಾರೆ. 'ಇಂಥ ವಿಧಾನ ನಮ್ಮ ಲ್ಯಾಬ್‌ನಲ್ಲಿ ಯಾರಿಗೂ ಗೊತ್ತಿಲ್ಲ, ಅಲ್ಲಿ ಅದರ ಕಾರ್ಯಾಗಾರ ಇದೆ, ನನ್ನ ಮೂರನೇ ಅಧ್ಯಾಯಕ್ಕೆ ಅದು ಬೇಕು' ಅಂತ ಬರೆದ ಅರ್ಜಿ ತಾನಾಗಿ ಮೇಲೆ ಬರುತ್ತದೆ.

ಗೈಡ್ ಕೊಡುವ ಪತ್ರದ್ದೂ ಅದೇ ಕಥೆ. 'ಪರಿಶ್ರಮಿ, ಶಿಸ್ತುಬದ್ಧ' ಎನ್ನುವ ಪತ್ರ ಯಾರಿಗೆ ಬೇಕಾದರೂ ಹೊಂದುತ್ತದೆ. ನೀವು ಸ್ವತಃ ಕಟ್ಟಿದ ಒಂದು ಪ್ರಯೋಗವನ್ನು ಹೆಸರಿಸಿ ಬರೆಯಲು ಅವರನ್ನು ಕೇಳಿ. ಬೇಕಾದರೆ ಅದರ ಟಿಪ್ಪಣಿಯನ್ನು ನೀವೇ ಮೇಲ್ ಮಾಡಿ. ಗೈಡ್‌ಗಳಿಗೆ ಇದು ಬೇಸರ ತರುವುದಿಲ್ಲ, ಕೆಲಸ ಹಗುರವಾಯಿತು ಅಂತ ಖುಷಿಯೇ ಆಗುತ್ತದೆ. ಕೊನೆಯ ದಿನಾಂಕದ ಪಕ್ಕದಲ್ಲಿರುವ ಸಮಯ ಯಾವ ದೇಶದ್ದು ಅಂತಲೂ ನೋಡಿಕೊಳ್ಳಿ. ದುಡ್ಡು ಮುಂಗಡ ಕೊಡುತ್ತಾರೋ, ಹೋಗಿ ಬಂದ ಮೇಲೆ ಬಿಲ್ ನೋಡಿ ಕೊಡುತ್ತಾರೋ ಎಂದು ಮೊದಲೇ ಕೇಳಿ. ಬಹಳ ಕಡೆ ಎರಡನೆಯದೇ. ಟಿಕೆಟ್ ದುಡ್ಡು ಮೊದಲು ನೀವೇ ಹೊಂದಿಸಬೇಕಾಗುತ್ತದೆ.

ಯುರೋಪಿನಲ್ಲಿದ್ದರೆ ಇಎಫ್‌ಐಎಸ್ ಕೊಡುವ ಅಲ್ಪಾವಧಿ ಫೆಲೋಶಿಪ್‌ಗಳನ್ನು ನೋಡಿ, ಬೇರೆ ದೇಶದ ಲ್ಯಾಬ್‌ಗೆ ಹೋಗಿ ಒಂದು ತಂತ್ರ ಕಲಿತು ಬರಲು ಅವು ಹೇಳಿ ಮಾಡಿಸಿದಂತಿವೆ. ಎಳೆಯ ಸಂಶೋಧಕರಿಗಾಗಿ ವೈಇಎಫ್‌ಐಎಸ್ ಎಂಬ ಬಳಗವೂ ಅಲ್ಲಿದೆ. ಅಮೆರಿಕನ್ ಅಸೋಸಿಯೇಶನ್ ಆಫ್ ಇಮ್ಯುನಾಲಜಿಸ್ಟ್ಸ್ 1913ರಷ್ಟು ಹಳೆಯದು, ಅದು ವಿದ್ಯಾರ್ಥಿಗಳನ್ನು ಕಡಿಮೆ ಶುಲ್ಕಕ್ಕೆ ಸೇರಿಸಿಕೊಳ್ಳುತ್ತದೆ. ಆದರೆ ಅದರ ವಾರ್ಷಿಕ ಸಭೆಗೆ ಹೋಗುವ ಯೋಜನೆ ಇದ್ದರೆ ಮಾತ್ರ ಸೇರಿ. ಸಿ.ವಿ.ಯಲ್ಲಿ ಸದಸ್ಯತ್ವಗಳ ಸಾಲು ಉದ್ದ ಮಾಡಿ ಯಾರಿಗೂ ಕೆಲಸ ಸಿಕ್ಕಿದ್ದು ನಾನು ಕಂಡಿಲ್ಲ.

ಈಗ ನನ್ನ ಪ್ರಕಾರ ಸುದ್ದಿಪತ್ರದ ಅತ್ಯಂತ ಬೆಲೆಬಾಳುವ ಭಾಗ, ಯಾರೂ ಓದದ ಭಾಗ: ಸಮಿತಿಗಳ ವರದಿ. ಹುಟ್ಟಿನಿಂದ ಬರುವ ರೋಗನಿರೋಧಕ ದೋಷಗಳ ತಜ್ಞ ಸಮಿತಿಯನ್ನೇ ತೆಗೆದುಕೊಳ್ಳಿ. ಯಾವ ವಂಶವಾಹಿ ಕೆಟ್ಟರೆ ಯಾವ ರೋಗ ಎಂಬ ಪಟ್ಟಿಯನ್ನು ಅವರು ಸುಮಾರು ಎರಡು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತಾರೆ. 2022ರ ಪಟ್ಟಿಯಲ್ಲಿ 485 ದೋಷಗಳಿದ್ದವು, 2024ರ ಪರಿಷ್ಕರಣೆಯಲ್ಲಿ 555 ಆದವು. ಜಗತ್ತಿನ ಯಾವುದೇ ಆಸ್ಪತ್ರೆಯಲ್ಲಿ ಮಗುವಿಗೆ ಮರುಕಳಿಸುವ ಸೋಂಕು ಬಂದು ಜೀನೋಮ್ ಪರೀಕ್ಷೆ ಮಾಡಿಸಿದಾಗ ವೈದ್ಯರು ಸಾಮಾನ್ಯವಾಗಿ ತಾಳೆ ನೋಡುವ ಪಟ್ಟಿ ಇದು.

ನಾನು ಕ್ಲಿನಿಕ್‌ನವನಲ್ಲ, ಇಲಿಗಳ ಮೇಲೆ ಕೆಲಸ ಮಾಡುವವನು, ನನಗೇಕೆ ಇದು ಅಂತ ನೀವು ಕೇಳಬಹುದು. 2025ರ ವೈದ್ಯಕೀಯ ನೊಬೆಲ್ ನೋಡಿ. ದೇಹ ತನ್ನ ಮೇಲೆ ತಾನೇ ದಾಳಿ ಮಾಡದಂತೆ ತಡೆಯುವ ರೆಗ್ಯುಲೇಟರಿ ಟಿ ಕೋಶಗಳ ಬಗೆಗಿನ ಕೆಲಸಕ್ಕೆ ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್, ಶಿಮೊನ್ ಸಕಾಗುಚಿ ಅವರಿಗೆ ಅದು ಬಂತು. 1995ರಲ್ಲಿ ಸಕಾಗುಚಿ ಆ ಕೋಶಗಳನ್ನು ಗುರುತಿಸಿದರು. ಬ್ರಂಕೊ ಮತ್ತು ರಾಮ್ಸ್‌ಡೆಲ್ ಸ್ಕರ್ಫಿ ಎಂಬ ರೋಗಪೀಡಿತ ಇಲಿ ತಳಿಯಲ್ಲಿ ಕೆಟ್ಟಿದ್ದ ವಂಶವಾಹಿಯನ್ನು ಹುಡುಕಿ ಅದಕ್ಕೆ ಫಾಕ್ಸ್‌ಪಿ3 ಎಂದು ಹೆಸರಿಟ್ಟರು. ಅದೇ ವಂಶವಾಹಿ ಮನುಷ್ಯರಲ್ಲಿ ಕೆಟ್ಟರೆ ಐಪಿಇಎಕ್ಸ್ ಎಂಬ ಅಪರೂಪದ, ಗಂಡುಮಕ್ಕಳನ್ನು ಎಳವೆಯಲ್ಲೇ ಕಾಡುವ ಸ್ವಯಂನಿರೋಧಕ ರೋಗ ಬರುತ್ತದೆ ಎನ್ನುವುದು 2001ರಲ್ಲಿ ಗೊತ್ತಾಯಿತು. ಐಪಿಇಎಕ್ಸ್ ಈ ಸಮಿತಿಯ ಪಟ್ಟಿಯಲ್ಲಿ ಒಂದು ಸಾಲು, ಅಷ್ಟೇ. ನೀವು ಕೆಲಸ ಮಾಡುತ್ತಿರುವ ಪ್ರೋಟೀನ್‌ನ ವಂಶವಾಹಿ ಆ ಪಟ್ಟಿಯಲ್ಲಿ ಇದೆಯೇ, ಇದ್ದರೆ ರೋಗಿಗಳಲ್ಲಿ ಕಾಣುವುದು ನಿಮ್ಮ ಇಲಿಗಳಲ್ಲಿ ಕಂಡದ್ದಕ್ಕೆ ಹೊಂದುತ್ತದೆಯೇ? ಹೊಂದದಿದ್ದರೆ ನಿಮ್ಮ ಮುಂದಿನ ಪ್ರಶ್ನೆ ಅಲ್ಲೇ ಇದೆ. ಹೊಸ ಪಟ್ಟಿ ಬಂದ ಸುದ್ದಿ ಕಂಡಾಗಲೆಲ್ಲ ನಾನು ಮಾಡುವ ಮೊದಲ ಕೆಲಸ ಇದು.

ಅಲರ್ಜಿಯ ಕಡೆ ಕೆಲಸ ಮಾಡುವವರಾದರೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಐಯುಐಎಸ್ ಸೇರಿ ನಡೆಸುವ ಅಲರ್ಜನ್ (ಅಲರ್ಜಿ ತರಿಸುವ ವಸ್ತು) ನಾಮಕರಣ ಉಪಸಮಿತಿ ಗೊತ್ತಿರಲೇಬೇಕು. ಜೀವಿಯ ವೈಜ್ಞಾನಿಕ ಹೆಸರಿನಲ್ಲಿ ಕುಲದ ಹೆಸರಿನ ಮೊದಲ ಮೂರು ಅಕ್ಷರ, ಪ್ರಭೇದದ ಮೊದಲ ಅಕ್ಷರ, ಮುಂದೆ ಒಂದು ಸಂಖ್ಯೆ: ಧೂಳಿನ ನುಸಿಯ ಡೆರ್ ಪಿ 1, ಕಡಲೆಕಾಯಿಯ ಅರಾ ಎಚ್ 2, ಬೆಕ್ಕಿನ ಫೆಲ್ ಡಿ 1 ಬಂದದ್ದು ಹೀಗೆ. ಹೊಸ ಅಲರ್ಜನ್ ಕಂಡುಹಿಡಿದರೆ ಪೇಪರ್ ಕಳಿಸುವ ಮೊದಲೇ ಈ ಉಪಸಮಿತಿಗೆ ಮಾಹಿತಿ ಸಲ್ಲಿಸಿ ಹೆಸರು ಪಡೆಯಬೇಕು, ಇಲ್ಲದಿದ್ದರೆ ಹಲವು ಜರ್ನಲ್‌ಗಳು ಒಪ್ಪುವುದಿಲ್ಲ. ಪಶುವೈದ್ಯಕೀಯ ಇಮ್ಯುನಾಲಜಿ, ಲಿಂಗ ಸಮಾನತೆ, ಆಟೊಆಂಟಿಬಾಡಿ (ತನ್ನದೇ ದೇಹದ ವಿರುದ್ಧ ಹುಟ್ಟುವ ಪ್ರತಿಕಾಯ) ಪರೀಕ್ಷೆಗಳ ಪ್ರಮಾಣೀಕರಣ, ಇವಕ್ಕೂ ಸಮಿತಿಗಳಿವೆ. ನಿಮ್ಮ ವಿಷಯಕ್ಕೆ ಹತ್ತಿರದ್ದನ್ನು ಮಾತ್ರ ಹಿಂಬಾಲಿಸಿದರೆ ಸಾಕು.

ಏಪ್ರಿಲ್ 29 ಇಮ್ಯುನಾಲಜಿ ದಿನ. ಯುರೋಪಿನಲ್ಲಿ 2005ರಲ್ಲಿ ಶುರುವಾಗಿ 2007ರಿಂದ ಎಲ್ಲೆಡೆ ಆಚರಣೆಯಲ್ಲಿದೆ. ಅದರ ಆಸುಪಾಸಿನಲ್ಲಿ ಸಂಘಗಳು ಶಾಲೆಗಳಲ್ಲಿ ಮಾತಾಡಲು, ಪೋಸ್ಟರ್ ಮಾಡಲು ಜನರಿಗಾಗಿ ಹುಡುಕುತ್ತಿರುತ್ತವೆ. ಪದಾಧಿಕಾರಿಗಳಿಗೆ ನಿಮ್ಮ ಮುಖಪರಿಚಯ ಆಗಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಬರೀ ಉಪನ್ಯಾಸ ಕೇಳುವ ಆಸೆಯಾದರೆ, ಐಯುಐಎಸ್‌ನದ್ದಲ್ಲದಿದ್ದರೂ, 2020ರಲ್ಲಿ ಶುರುವಾದ ಗ್ಲೋಬಲ್ ಇಮ್ಯುನೊಟಾಕ್ಸ್ ಸರಣಿ ಯೂಟ್ಯೂಬ್‌ನಲ್ಲಿ ಉಚಿತವಾಗಿದೆ, ಈ ಕ್ಷೇತ್ರದ ಘಟಾನುಘಟಿಗಳೇ ಮಾತಾಡಿದ್ದಾರೆ.

ಒಂದು ಎಚ್ಚರಿಕೆ. ನಿಮ್ಮ ಮೊದಲ ಪೇಪರ್ ಬಂದ ಕೂಡಲೇ 'ಜಾಗತಿಕ ಇಮ್ಯುನಾಲಜಿ ಶೃಂಗಸಭೆ'ಗೆ ಆಹ್ವಾನಿತ ಭಾಷಣಕಾರರಾಗಿ ಬನ್ನಿ ಎಂಬ ಮೇಲ್‌ಗಳು ಸಾಲುಗಟ್ಟುತ್ತವೆ. ವಿದ್ಯಾರ್ಥಿಯನ್ನು ಪ್ರೊಫೆಸರ್ ಅಂತ ಕರೆದಿರುತ್ತಾರೆ, ಅದೇ ಹೋಟೆಲ್‌ನಲ್ಲಿ ಅದೇ ದಿನ ದಂತವೈದ್ಯಕೀಯ, ನ್ಯಾನೊ ತಂತ್ರಜ್ಞಾನದ ಸಭೆಗಳೂ ಇರುತ್ತವೆ, ಅಬ್‌ಸ್ಟ್ರ್ಯಾಕ್ಟ್ ಕಳಿಸಿದ ಮರುದಿನವೇ ಒಪ್ಪಿಗೆ, ಅದರ ಹಿಂದೆಯೇ ಶುಲ್ಕದ ಲಿಂಕ್. ನೋಡಬೇಕಾದ್ದು ಒಂದೇ: ಈ ಸಭೆ ಐಯುಐಎಸ್‌ನ, ಪ್ರಾದೇಶಿಕ ಒಕ್ಕೂಟದ ಅಥವಾ ಯಾವುದಾದರೂ ಸದಸ್ಯ ಸಂಘದ ಸಭೆಗಳ ಪಟ್ಟಿಯಲ್ಲಿ ಇದೆಯೇ? ಇಲ್ಲದಿದ್ದರೆ, ಸಂಘಟನಾ ಸಮಿತಿಯಲ್ಲಿ ಹೆಸರಿರುವ ಒಬ್ಬರಿಗೆ ಮೇಲ್ ಹಾಕಿ ವಿಚಾರಿಸಿ. ತಮ್ಮ ಹೆಸರು ಅಲ್ಲಿರುವುದು ಅವರಿಗೇ ಗೊತ್ತಿರದಿದ್ದರೂ ಆಶ್ಚರ್ಯವಿಲ್ಲ.

ಹಾಗಾದರೆ ಈಗ ಏನು ಮಾಡಬೇಕು? ನಿಮ್ಮ ದೇಶದ ಸಂಘದ ಕಾರ್ಯದರ್ಶಿಗೆ ಒಂದು ಚಿಕ್ಕ ಮೇಲ್ ಬರೆಯಿರಿ. ವಿದ್ಯಾರ್ಥಿ ಸದಸ್ಯತ್ವದ ಶುಲ್ಕ ಎಷ್ಟು, ಅದು ಯಾವ ತಿಂಗಳಿಂದ ಯಾವ ತಿಂಗಳಿಗೆ, ಐಯುಐಎಸ್‌ಗೆ ಸಂಘದ ಪಾಲು ಈ ವರ್ಷ ಸಂದಾಯವಾಗಿದೆಯೇ ಅಂತ ಕೇಳಿ. ಮೂರನೆಯದನ್ನು ಕೇಳಲು ಸಂಕೋಚ ಬೇಡ, ಸದಸ್ಯರಿಗೆ ತಿಳಿಯುವ ಹಕ್ಕಿದೆ. ಕೆಲವು ಗ್ರಾಂಟ್‌ಗಳಿಗೆ ಅರ್ಜಿ ಹಾಕುವ ದಿನಕ್ಕಿಂತ ಸಾಕಷ್ಟು ಮುಂಚಿನಿಂದಲೇ ಸದಸ್ಯತ್ವ ಇರಬೇಕೆಂಬ ಷರತ್ತು ಇರುತ್ತದೆ, ಹಾಗಾಗಿ ಪ್ರಕಟಣೆ ಬಂದ ಮೇಲೆ ಸೇರೋಣ ಅಂತ ಕಾಯಬೇಡಿ. ಹಣ ಕಟ್ಟಿದ ರಸೀದಿಯನ್ನು ಪಿಡಿಎಫ್ ಮಾಡಿ ಸಿ.ವಿ. ಇರುವ ಫೋಲ್ಡರ್‌ನಲ್ಲೇ ಇಟ್ಟುಕೊಳ್ಳಿ, ಅರ್ಜಿಯ ಜೊತೆ ಅದನ್ನು ಕೇಳುತ್ತಾರೆ.