ದ್ವೀಪದ ಹಡಗು: ಕ್ಯಾಬಿನ್ ಆಮೇಲೆ ನೋಡಿ, ಇಳಿಯುವುದು ಹೇಗೆ ಅಂತ ಮೊದಲು ಕೇಳಿ

ಅಣ್ಣಾ, ಅಡಿಕೆ ಬೆಳೆಗಾರರ ಗುಂಪಿನಲ್ಲಿ ಹಡಗಿನ ಪ್ರಶ್ನೆ ಎಂತಕ್ಕೆ ಅಂತ ಯಾರೋ ತಮಾಷೆ ಮಾಡಿದ್ದಾರೆ. ಬೇಸರ ಮಾಡಬೇಡಿ. ಕೊಳೆರೋಗ, ರೇಟು ಬಿಟ್ಟು ಬೇರೆ ಮಾತೂ ಒಮ್ಮೊಮ್ಮೆ ಇಲ್ಲಿ ಬರಲಿ. ನೀವು ಕೇಳಿದ್ದು ಇಷ್ಟು: ನೀವಿಬ್ಬರು, ಇಬ್ಬರು ಮಕ್ಕಳು, 72 ವರ್ಷದ ಅಮ್ಮ. ಐದಾರು ದಿನದಲ್ಲಿ ಎರಡು ಮೂರು ದ್ವೀಪ ನೋಡಬೇಕು. ಮುಂಬೈಯ ದೊಡ್ಡ ಕ್ರೂಸ್ ಹಿಡಿಯಬೇಕೋ, ಕೊಚ್ಚಿಯಿಂದ ಲಕ್ಷದ್ವೀಪದ ಸರ್ಕಾರಿ ಹಡಗೋ, ಅಲ್ಲ ಅಂಡಮಾನೋ?

ನಾವು ಹೋದದ್ದು ಕೊಚ್ಚಿಯಿಂದ. ಲಕ್ಷದ್ವೀಪ ಆಡಳಿತದ 'ಸಮುದ್ರಂ' ಪ್ಯಾಕೇಜು, ಎಂ.ವಿ. ಕವರತ್ತಿ ಹಡಗು, ಐದು ದಿನ. ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರು ದ್ವೀಪ. ರಾತ್ರಿ ಹಡಗು ಓಡುತ್ತದೆ, ನಾವು ಮಲಗುತ್ತೇವೆ. ಬೆಳಿಗ್ಗೆ ದ್ವೀಪ, ಮಧ್ಯಾಹ್ನದ ಊಟ ಅಲ್ಲೇ, ಸಂಜೆ ಮತ್ತೆ ಹಡಗು. ಈ ಲೆಕ್ಕ ನನಗೆ ತುಂಬಾ ಹಿಡಿಸಿತು. ಐದು ದಿನದಲ್ಲಿ ಮೂರು ಹಗಲು ಪೂರ್ತಿ ನೆಲದ ಮೇಲೆ.

ಮುಂಬೈ ಕ್ರೂಸಿನ ಚೀಟಿಯನ್ನು ಇದೇ ಕಣ್ಣಿನಿಂದ ಓದಿ. ಐದು ರಾತ್ರಿ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಅದರಲ್ಲಿ ಎಷ್ಟು ಹಗಲು 'ಅಟ್ ಸೀ' ಅಂತ ಬರೆದಿದ್ದಾರೆ ಎಣಿಸಿ. ಅದು ಹಡಗಿನೊಳಗೇ ಕಳೆಯುವ ದಿನ. ಈಜುಕೊಳ, ಡ್ಯಾನ್ಸು, ಊಟ ಬೇಕಾದವರಿಗೆ ಅದೇ ಗಮ್ಮತ್ತು, ಬೇಡ ಅನ್ನುವುದಿಲ್ಲ. ಆದರೆ ನೀವು ಕೇಳಿದ್ದು ದ್ವೀಪ, ಅಲ್ವಾ? ಮತ್ತೆ ರೇಟು. ಮೊದಲು ತೋರಿಸುವುದು ಒಂದು ಕ್ಯಾಬಿನ್‌ಗೆ ಇಬ್ಬರು ಅನ್ನುವ ಲೆಕ್ಕದಲ್ಲಿ ಒಬ್ಬರ ದರ. ಬಂದರು ಶುಲ್ಕ, ಜಿಎಸ್‌ಟಿ, ಟಿಪ್ಸು, ದ್ವೀಪದಲ್ಲಿ ಸುತ್ತಾಡಿಸುವ ಹಣ ಎಲ್ಲ ಸೇರಿಸಿ ಕೊನೆಗೆ ಎಷ್ಟು ಅಂತ ಬರೆಸಿಕೊಳ್ಳಿ. ಹವಾಮಾನ ಕೆಟ್ಟರೆ ದ್ವೀಪ ಬಿಟ್ಟು ಮುಂದೆ ಹೋಗುವ ಹಕ್ಕು ಹಡಗಿನವರಿಗೆ ಇರುತ್ತದೆ, ಸಣ್ಣಕ್ಷರದಲ್ಲಿ. ನೋಡಬೇಕೆಂದಿದ್ದ ಒಂದೇ ದ್ವೀಪ ತಪ್ಪಿದರೆ ಉಳಿದದ್ದು ಬರೀ ತೇಲುವ ಹೋಟೆಲು.

ಈಗ ಅಮ್ಮನ ವಿಷಯ. ಅವರಿಗೆ ಮಂಡಿನೋವು ಅಂತ ಬರೆದಿದ್ದೀರಿ. ಎಲ್ಲಕ್ಕಿಂತ ದೊಡ್ಡ ಸಂಗತಿ ಅದೇ. ಲಕ್ಷದ್ವೀಪದ ಸುತ್ತ ಹವಳದ ದಿಬ್ಬ. ಒಳಗಿನ ನೀರು ಆಳ ಇಲ್ಲ, ದೊಡ್ಡ ಹಡಗು ಅಲ್ಲಿಗೆ ಹೋಗುವುದಿಲ್ಲ. ಹೆಚ್ಚಾಗಿ ಹೊರಗೆ ನಿಲ್ಲಿಸಿ ಸಣ್ಣ ದೋಣಿಗೆ ಇಳಿಸುತ್ತಾರೆ. ಕಲ್ಪೇನಿಯಲ್ಲಿ ನಾವು ಇಳಿದದ್ದು ಹೇಳುತ್ತೇನೆ. ಹಡಗಿನ ಹೊಟ್ಟೆಯಲ್ಲಿ ಒಂದು ಬಾಗಿಲು. ಹೊರಗೆ ದೋಣಿ ಒಮ್ಮೆ ನಮ್ಮ ಪಾದದ ಮಟ್ಟಕ್ಕೆ ಏರುತ್ತದೆ, ಮರುಗಳಿಗೆ ಎರಡು ಅಡಿ ಕೆಳಗೆ. ಈಚೆ ಒಬ್ಬ ಖಲಾಸಿ, ಆಚೆ ಒಬ್ಬ. ಇಬ್ಬರೂ ಮೊಣಕೈ ಹತ್ತಿರ ಗಟ್ಟಿ ಹಿಡಿಯುತ್ತಾರೆ. ನನ್ನ ಹೆಂಡತಿ ಹಾರಲು ಹೊರಟಾಗ ಆಚೆಯವ "ಚಾಡಂಡ, ಕಾಲ್ ವೆಚ್ಚಾ ಮತಿ" ಅಂದ. ಹಾರಬೇಡಿ, ಕಾಲಿಟ್ಟರೆ ಸಾಕು. ದೋಣಿ ಮೇಲೆ ಬಂದ ಕ್ಷಣ ಕಾಲಿಡಬೇಕು. ಅಷ್ಟೇ ಕೆಲಸ, ಆದರೆ ಅನುಮಾನಿಸಿದರೆ ಕೆಟ್ಟಿತು.

ಹಾಗಾಗಿ ಬುಕ್ ಮಾಡುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಅಮ್ಮ ಈಗಲೂ ತೋಟದ ತಡಮೆ (ಬೇಲಿಯಲ್ಲಿ ಕಾಲೆತ್ತಿ ದಾಟುವ ಜಾಗ) ದಾಟುತ್ತಾರಾ? ಒಬ್ಬರ ಕೈ ಹಿಡಿದು, ನಿಲ್ಲದೆ, ಸಲೀಸಾಗಿ ದಾಟಿದರೆ ಹಡಗಿಗೂ ಆಗುತ್ತದೆ. ಗೇಟಿನಿಂದ ಸುತ್ತು ಹಾಕಿಕೊಂಡು ಬರುತ್ತಾರಾದರೆ ಲಕ್ಷದ್ವೀಪದ ಹಡಗು ಬೇಡ. ದೊಡ್ಡ ಕ್ರೂಸಾದರೂ ಅಲ್ಲಿ ದೋಣಿಗೇ ಇಳಿಸಬೇಕು. ಹಡಗು ದೊಡ್ಡದಾದರೆ ಸಮುದ್ರ ಬದಲಾಗುವುದಿಲ್ಲ ಮಾರಾಯ್ರೆ.

ಆಗ ಅಂಡಮಾನ್ ನೋಡಿ. ಪೋರ್ಟ್ ಬ್ಲೇರ್‌ಗೆ ವಿಮಾನ (2024ರಿಂದ ಅದರ ಹೆಸರು ಶ್ರೀ ವಿಜಯಪುರಂ). ಅಲ್ಲಿಂದ ಸ್ವರಾಜ್ ದ್ವೀಪಕ್ಕೆ, ಅಂದರೆ ಹಳೇ ಹ್ಯಾವ್ಲಾಕ್‌ಗೆ, ವೇಗದ ಬೋಟಿನಲ್ಲಿ ಸುಮಾರು ಒಂದೂವರೆ ಗಂಟೆ. ಜೆಟ್ಟಿಯಿಂದಲೇ ಹತ್ತುವುದು, ಜೆಟ್ಟಿಗೇ ಇಳಿಯುವುದು. ರಾತ್ರಿ ಹೋಟೆಲಿನಲ್ಲಿ ನಿದ್ದೆ. ಖರ್ಚು ಜಾಸ್ತಿ, ಆದರೆ ಅಮ್ಮನಿಗೆ ಆರಾಮ. ಚೆನ್ನೈಯಿಂದ ಹಡಗಿನಲ್ಲೇ ಹೋಗುವ ಆಸೆ ಬೇಡ, ಸುಮಾರು ಮೂರು ದಿನ ಬರೀ ನೀರು.

ತಡಮೆ ಪಾಸಾದರೆ ಮುಂದಿನದು ಯಾವ ತಿಂಗಳು ಅನ್ನುವುದು. ಮಳೆಗಾಲದಲ್ಲಿ ಈ ಪ್ರವಾಸ ಇಲ್ಲ. ಅಕ್ಟೋಬರಿನಲ್ಲಿ ನಮಗೆ ಪುರುಸೊತ್ತು ನಿಜ. ಅಡಿಕೆಗೆ ಕೊಳೆರೋಗದ ಮದ್ದು ಹೊಡೆದು ಮುಗಿದಿರುತ್ತದೆ, ಕೊಯ್ಲು ಇನ್ನೂ ಜೋರಾಗಿರುವುದಿಲ್ಲ, ನೀರು ಹಾಕುವ ಕೆಲಸವೂ ಇಲ್ಲ. ಆದರೆ ತುಲಾಮಳೆ (ಹಿಂಗಾರು) ಸಮಯದ ಅರಬ್ಬಿ ಸಮುದ್ರವನ್ನು ನಂಬುವಂತಿಲ್ಲ. 2017ರ ಓಖಿ ಚಂಡಮಾರುತ ಲಕ್ಷದ್ವೀಪಕ್ಕೆ ಹೊಡೆದದ್ದು ಡಿಸೆಂಬರ್ ಶುರುವಿನಲ್ಲಿ. ಮೇ ತಿಂಗಳೂ ಬೇಡ, 2021ರ ತೌಕ್ತೆ ನೆನಪಿದೆಯಲ್ಲ. ನನ್ನ ಓಟು ಜನವರಿ, ಫೆಬ್ರವರಿಗೆ. ಸಮುದ್ರ ಕೆರೆಯ ಹಾಗೆ ಇರುತ್ತದೆ. ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ, ಸ್ಪ್ರಿಂಕ್ಲರ್ ಬದಲಿಸಲು ಜನ ಬೇಕು, ಎಲ್ಲ ಗೊತ್ತು. ಭಾವನನ್ನೋ ಯಾರನ್ನೋ ಐದು ದಿನಕ್ಕೆ ಒಪ್ಪಿಸಿ. ಮಳೆ ಬರುವುದಿಲ್ಲ ಅನ್ನುವ ಒಂದು ಧೈರ್ಯವಾದರೂ ಇರುತ್ತದೆ.

ಕ್ಯಾಬಿನ್ ಬಗ್ಗೆ ನಾನು ಪೆಟ್ಟು ತಿಂದಿದ್ದೇನೆ. ನಮ್ಮದು ಮುಂಭಾಗಕ್ಕೆ ಸಿಕ್ಕಿತ್ತು, ಖುಷಿಪಟ್ಟಿದ್ದೆ. ಮಿನಿಕಾಯ್‌ಗೆ ಹೋಗುವಾಗ ಒಂಬತ್ತು ಡಿಗ್ರಿ ಚಾನಲ್ ದಾಟಬೇಕು. ತೆರೆದ ಸಮುದ್ರ, ಒಂದು ಮರೆ ಇಲ್ಲ. ರಾತ್ರಿ ಹನ್ನೊಂದಕ್ಕೆ ತಿಂದದ್ದೆಲ್ಲ ಹೊರಗೆ. ಪಕ್ಕದ ಬಂಕಿನಲ್ಲಿ ಮಗಳು ಗೊರಕೆ ಹೊಡೆಯುತ್ತಿದ್ದಳು! ನಡುವಿನಲ್ಲಿ, ಆದಷ್ಟು ಕೆಳಗಿನ ಅಂತಸ್ತಿನಲ್ಲಿ ಕೇಳಿ, ಅಲುಗಾಟ ಕಡಿಮೆ. ಇಬ್ಬರ ಕ್ಯಾಬಿನ್‌ಗೆ ಡೈಮಂಡ್, ನಾಲ್ವರದ್ದಕ್ಕೆ ಗೋಲ್ಡ್ ಅನ್ನುತ್ತಾರೆ. ಅಮ್ಮನಿಗೆ ಕೆಳಗಿನ ಬರ್ತ್ ಕಡ್ಡಾಯ. ವಾಂತಿಯ ಮಾತ್ರೆ ಹಡಗು ಅಲುಗಾಡಲು ಶುರುವಾದ ಮೇಲೆ ನುಂಗಿದರೆ ಹೆಚ್ಚು ಪ್ರಯೋಜನ ಇಲ್ಲ, ಮೊದಲೇ ಬೇಕು. ಅಮ್ಮ ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರ ಹತ್ತಿರ ಕೇಳಿಯೇ ಕೊಡಿ.

ಪರ್ಮಿಟ್ ಇಲ್ಲದೆ ಲಕ್ಷದ್ವೀಪಕ್ಕೆ ಹೋಗಲು ಆಗುವುದಿಲ್ಲ, ಭಾರತದವರೇ ಆದರೂ. ಪ್ಯಾಕೇಜಿನಲ್ಲಿ ಅದನ್ನು ಅವರೇ ಮಾಡಿಸುತ್ತಾರೆ. ನಮ್ಮ ಮೊದಲ ಪ್ರಯತ್ನದಲ್ಲಿ ಒಬ್ಬ ಏಜೆಂಟ್ "ಪರ್ಮಿಟ್ ಎಲ್ಲ ಆಗ್ತದೆ" ಅಂತ ಅಡ್ವಾನ್ಸ್ ತೆಗೆದುಕೊಂಡು, ಕೊನೆಗೆ ನಾಲ್ವರಲ್ಲಿ ಇಬ್ಬರದ್ದು ಮಾತ್ರ ತಂದ. ಹಣ ವಾಪಸು ಬರಲು ಎಂಟು ತಿಂಗಳು. ಪರ್ಮಿಟ್ ಯಾರ ಹೊಣೆ, ಆಗದಿದ್ದರೆ ಹಣ ಎಷ್ಟು ವಾಪಸ್, ಇವೆರಡನ್ನು ಬರಹದಲ್ಲಿ ಪಡೆಯಿರಿ.

ಕೊಚ್ಚಿಗೆ ಹಿಂದಿನ ದಿನವೇ ಹೋಗಿ. ಮಂಗಳೂರಿನಿಂದ ಸಂಜೆ ಹೊರಡುವ ಮಾವೇಲಿ, ಮಲಬಾರ್ ರೈಲುಗಳು ಎರ್ನಾಕುಳಂನಲ್ಲಿ ಇಳಿಸುವುದು ನಡುರಾತ್ರಿ ಕಳೆದ ಮೇಲೆ. ಅಮ್ಮನನ್ನು ಕಟ್ಟಿಕೊಂಡು ಆ ಹೊತ್ತಿಗೆ ಪ್ಲಾಟ್‌ಫಾರ್ಮಿನಲ್ಲಿ ಕೂರುವುದು ಬೇಡ, ಹಗಲು ರೈಲು ಹಿಡಿಯಿರಿ. ಹಡಗು ಹತ್ತುವುದು ವಿಲ್ಲಿಂಗ್ಡನ್ ಐಲೆಂಡಿನಲ್ಲಿ. ನೀವು ಸಸ್ಯಾಹಾರಿಗಳಾದರೆ ಬುಕಿಂಗ್ ಸಮಯದಲ್ಲೇ ಹೇಳಿ. ದ್ವೀಪದಲ್ಲಿ ಮೀನಿಗೇ ಮರ್ಯಾದೆ, ನಮಗೆ ಅನ್ನ, ಸಾಂಬಾರು, ಪಲ್ಯ ಸಿಕ್ಕಿತು. ಒಂದು ಡಬ್ಬ ಅವಲಕ್ಕಿ ಇರಲಿ. ಮಕ್ಕಳು ಹವಳದ ಚೂರು ಹೆಕ್ಕಿ ಜೇಬಿಗೆ ಹಾಕದಂತೆ ನೋಡಿ, ಅದು ಕಾನೂನು ಪ್ರಕಾರ ಅಪರಾಧ.

ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭ ಇದೆ, ಹತ್ತಿ ನೋಡಿ. ಅಮ್ಮ ಕೆಳಗೆ ತೆಂಗಿನ ನೆರಳಲ್ಲಿ ಕೂರಲಿ. ನಮ್ಮ ಕಾಸರಗೋಡು ಸಿಪಿಸಿಆರ್‌ಐಯ (ತೆಂಗು, ಅಡಿಕೆಯಂಥ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ) ಒಂದು ಕೇಂದ್ರವೂ ಆ ದ್ವೀಪದಲ್ಲಿದೆ. ಇಲ್ಲಿ ಚಂದ್ರಕಲ್ಪ ಅಂತ ಕೊಡುವ ತೆಂಗು ಮೂಲದಲ್ಲಿ ಲಕ್ಷದ್ವೀಪದ್ದೇ. ಕಾಯಿ ಸಣ್ಣದು, ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ನಾನು ಹೆಚ್ಚು ಹೊತ್ತು ನೋಡಿದ್ದು ಸಮುದ್ರಕ್ಕಿಂತ ಆ ಮರಗಳನ್ನೇ ಅಂತ ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಇನ್ನೊಂದು. ಅಮಿನಿ, ಕಡಮತ್, ಕಿಲ್ತಾನ್ ಕಡೆಯ ದ್ವೀಪಗಳು 1956ರವರೆಗೆ ನಮ್ಮ ಕಾಸರಗೋಡಿನ ಹಾಗೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ಕೊಬ್ಬರಿ, ಹುರಿಹಗ್ಗ ಮಂಗಳೂರು ಬಂದರಿಗೆ ಬರುತ್ತಿತ್ತು. ಆ ದ್ವೀಪಗಳು ಸಮುದ್ರಂ ಸುತ್ತಿನಲ್ಲಿ ಇಲ್ಲ, ನನಗೆ ಅದೊಂದು ಕೊರತೆ.

ಅಮ್ಮ ತಡಮೆ ದಾಟಿದರಾ ಇಲ್ಲವಾ ಇಲ್ಲೇ ಬರೆಯಿರಿ. ದಾಟಿದರೆ ನಾನು ಬುಕ್ ಮಾಡಿದಾಗ ಇಟ್ಟುಕೊಂಡ ಕಾಗದಗಳ ಫೋಟೋ ಕಳಿಸುತ್ತೇನೆ.