ಎರಡನೇ ತುಂಡಿನ ಅಪಾಯ

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: "ನನ್ನ ತಮ್ಮ ಬೆಂಗಳೂರಿನಲ್ಲಿದ್ದಾನೆ. ಗಾಂಜಾ ಸೇದುತ್ತಿದ್ದ. ಬೈದು ಬೈದು ಸಾಕಾಯ್ತು. ಈಗ ಸೇದೋದು ಬಿಟ್ಟು ಗಾಂಜಾ ಹಾಕಿದ ಕುಕಿ ತಿನ್ನುತ್ತಾನಂತೆ. ಹೊಗೆಯೇ ಇಲ್ಲ ಅಂದ ಮೇಲೆ ತೊಂದರೆ ಏನು, ಹೋಳಿಗೆ ಜನ ಭಂಗಿ ಕುಡಿಯಲ್ವಾ ಅಂತ ನನ್ನನ್ನೇ ಕೇಳುತ್ತಾನೆ. ಅವನು ಹೇಳೋದು ನಿಜಾನಾ?"

ಅಕ್ಕಾ, ಅರ್ಧ ನಿಜ. ಗಾಂಜಾದ ಹೊಗೆಯಲ್ಲೂ ಟಾರ್ ಇದೆ, ಕಾರ್ಬನ್ ಮೊನಾಕ್ಸೈಡ್ ಇದೆ. ದಿನಾ ಸೇದುವವರಿಗೆ ಬಿಡದ ಕೆಮ್ಮು, ಕಫ. ನಮ್ಮಲ್ಲಿ ಎಷ್ಟೋ ಜನ ಅದನ್ನು ತಂಬಾಕಿನ ಜೊತೆ ಬೆರೆಸಿ ಸೇದುತ್ತಾರೆ, ಹಾಗಾಗಿ ನಿಕೋಟಿನ್ ಚಟವೂ ಜೊತೆಗೇ ಅಂಟಿಕೊಳ್ಳುತ್ತದೆ. ತಿಂದರೆ ಇಷ್ಟು ತಪ್ಪುತ್ತದೆ, ಅದನ್ನು ಒಪ್ಪೋಣ.

ಆದರೆ ಉಳಿದರ್ಧ ಅವನಿಗೆ ಗೊತ್ತಿಲ್ಲ ಅನ್ನಿಸುತ್ತೆ. ಸೇದಿದಾಗ ನಶೆ ಏರಿಸುವ ಟಿಎಚ್‌ಸಿ ಶ್ವಾಸಕೋಶದಿಂದ ರಕ್ತಕ್ಕೆ, ಅಲ್ಲಿಂದ ಮೆದುಳಿಗೆ ಕೆಲವೇ ನಿಮಿಷದಲ್ಲಿ ಹೋಗುತ್ತದೆ. ಜಾಸ್ತಿ ಆಯ್ತು ಅಂತ ಕೂಡಲೇ ಗೊತ್ತಾಗುತ್ತದೆ, ನಿಲ್ಲಿಸಬಹುದು. ತಿಂದದ್ದು ಹೊಟ್ಟೆ, ಕರುಳು ದಾಟಿ ಲಿವರ್‌ಗೆ ಹೋಗಬೇಕು. ಲಿವರ್ ಅದರಲ್ಲಿ ಒಂದಷ್ಟನ್ನು 11-ಹೈಡ್ರಾಕ್ಸಿ-ಟಿಎಚ್‌ಸಿ ಅನ್ನೋ ಇನ್ನೊಂದು ರೂಪಕ್ಕೆ ತಿರುಗಿಸುತ್ತದೆ. ಅದೂ ಜೋರಾಗಿ ನಶೆ ಏರಿಸುವಂಥದ್ದೇ. ಇದಕ್ಕೆಲ್ಲ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಏರಿದ್ದು ಆರೆಂಟು ಗಂಟೆ, ಕೆಲವರಿಗೆ ಅದಕ್ಕಿಂತಲೂ ಜಾಸ್ತಿ ಇಳಿಯುವುದಿಲ್ಲ.

ಎಡವಟ್ಟಾಗುವುದು ಆ ಕಾಯುವ ಹೊತ್ತಿನಲ್ಲಿ. ಒಂದು ತುಂಡು ತಿಂದ, ಮುಕ್ಕಾಲು ಗಂಟೆ ಆದರೂ ಏನೂ ಆಗಲಿಲ್ಲ, ಮಾಲು ಸರಿಯಿಲ್ಲ ಅಂದುಕೊಂಡು ಇನ್ನೊಂದು ತುಂಡು ಬಾಯಿಗೆ ಹಾಕಿದ. ಆಮೇಲೆ ಎರಡೂ ಒಟ್ಟಿಗೇ ಏರುತ್ತವೆ. ಎದೆ ಡವಡವ, ವಾಂತಿ, ಯಾರೋ ಕೊಲ್ಲಲು ಬರುತ್ತಿದ್ದಾರೆ ಅನ್ನೋ ಭಯ. ಒಳಗೆ ಹೋದದ್ದನ್ನು ವಾಪಸ್ ತೆಗೆಯೋಕೆ ಆಗಲ್ಲ.

ಅಮೆರಿಕದ ಕೊಲರಾಡೊದಲ್ಲಿ 2014ರಲ್ಲಿ ಡಾಕ್ಟರ ಚೀಟಿ ಇಲ್ಲದೆಯೂ ಅಂಗಡಿಯಲ್ಲೇ ಗಾಂಜಾ ಮಾರಾಟ ಶುರುವಾಯ್ತು. ಅದೇ ವರ್ಷ ಮಾರ್ಚ್‌ನಲ್ಲಿ 19 ವರ್ಷದ ವಿದ್ಯಾರ್ಥಿಯೊಬ್ಬ ಅಲ್ಲಿ ಒಂದು ಕುಕಿ ತಿಂದ. ಅದರಲ್ಲಿದ್ದದ್ದು 65 ಮಿಲಿಗ್ರಾಂ ಟಿಎಚ್‌ಸಿ. ಒಂದು ಸಲಕ್ಕೆ ಆರನೇ ಒಂದು ಭಾಗ ಮಾತ್ರ ಅಂತ ಅಂಗಡಿಯವರು ಹೇಳಿದ್ದರು. ಅಷ್ಟೇ ತಿಂದು ಕಾದ, ಏನೂ ಅನ್ನಿಸಲಿಲ್ಲ, ಒಂದು ಗಂಟೆಯೊಳಗೆ ಉಳಿದದ್ದನ್ನೂ ಮುಗಿಸಿದ. ಅದಾದ ಎರಡೂವರೆ ಗಂಟೆಗೆ ನಾಲ್ಕನೇ ಮಹಡಿಯ ಬಾಲ್ಕನಿಯಿಂದ ಹಾರಿ ಸತ್ತ. ಎಷ್ಟು ತಿನ್ನಬೇಕು ಅಂತ ಹೇಳುವವರಿದ್ದ ಊರಿನಲ್ಲೇ ಹೀಗಾದರೆ, ಕದ್ದು ಮಾರುವ ಕುಕಿಯಲ್ಲಿ ಎಷ್ಟಿದೆ ಅಂತ ನಿಮ್ಮ ತಮ್ಮನಿಗೆ ಯಾರು ಹೇಳುತ್ತಾರೆ? ಒಂದೇ ತಟ್ಟೆಯ ಎರಡು ಕುಕಿ ಕೂಡ ಒಂದೇ ತರ ಇರುವುದಿಲ್ಲ.

ಅದೇ ಕೊಲರಾಡೊದ ಡೆನ್ವರ್ ಊರಿನ ಪಕ್ಕದ ಒಂದು ದೊಡ್ಡ ಆಸ್ಪತ್ರೆಯ 2014ರಿಂದ 2016ರ ಲೆಕ್ಕ ನೋಡಿ. ಟಿಎಚ್‌ಸಿ ತೂಕದ ಲೆಕ್ಕದಲ್ಲಿ ಆ ರಾಜ್ಯದ ಒಟ್ಟು ಗಾಂಜಾ ಮಾರಾಟದಲ್ಲಿ ತಿನ್ನುವ ಪದಾರ್ಥಗಳ ಪಾಲು ಶೇ. 0.32. ಗಾಂಜಾದಿಂದಾಗಿ ಎಮರ್ಜೆನ್ಸಿಗೆ ಬಂದವರಲ್ಲಿ ಮಾತ್ರ ತಿಂದವರು ಶೇ. 10.7. ಸೇದಿದವರಲ್ಲಿ ಬಿಡದ ವಾಂತಿ ಜಾಸ್ತಿ ಕಂಡಿತು, ತಿಂದವರಲ್ಲಿ ದಿಢೀರ್ ಮಾನಸಿಕ ಗೊಂದಲ ಮತ್ತು ಹೃದಯದ ತೊಂದರೆ.

ಭಂಗಿಯ ವಿಷಯ. ಅದನ್ನು ಮಾಡುವುದು ಗಾಂಜಾ ಗಿಡದ ಎಲೆಯಿಂದ. ನಮ್ಮ ದೇಶದ 1985ರ ಮಾದಕ ವಸ್ತು ಕಾಯ್ದೆ ಹೂವಿನ ತುದಿಯಿಲ್ಲದ ಬರೀ ಎಲೆಯನ್ನು ಗಾಂಜಾ ಅಂತ ಲೆಕ್ಕ ಹಿಡಿಯುವುದಿಲ್ಲ, ಅದು ಸರಿ. ಆದರೆ ಗಾಂಜಾ ಹೂವು ಹಾಕಿ ಮಾಡಿದ ಕುಕಿಗೆ ಆ ವಿನಾಯಿತಿ ಇಲ್ಲ. ದೇಹಕ್ಕಂತೂ ಕಾನೂನು ಗೊತ್ತಿಲ್ಲ, ಭಂಗಿ ಕುಡಿದರೂ ನಶೆ ತಡವಾಗಿಯೇ ಏರುತ್ತದೆ.

ಇನ್ನು ಮರೆವು, ಚಟ, ಮನೋರೋಗದ ಅಪಾಯ, ಇವು ಸೇದಿದರೂ ಇವೆ, ತಿಂದರೂ ಇವೆ. ನಿಮ್ಮ ಮನೆತನದಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಇದ್ದರೆ ಅವನು ಇದರ ತಂಟೆಗೇ ಹೋಗಬಾರದು. ಇದನ್ನು ದಯವಿಟ್ಟು ಅವನಿಗೆ ಬಿಡಿಸಿ ಹೇಳಿ.

ಅವನ ರೂಮಿಗೆ ಮಕ್ಕಳು ಬಂದು ಹೋಗುತ್ತಾರಾ ಅಂತಲೂ ಕೇಳಿ. ಮಗುವಿಗೆ ಅದು ಬರೀ ಕುಕಿ. ಅಮೆರಿಕದಲ್ಲಿ ಆರು ವರ್ಷದೊಳಗಿನ ಮಕ್ಕಳು ಇಂಥದ್ದನ್ನು ತಿಂದ ಪ್ರಕರಣಗಳು 2017ರಲ್ಲಿ 207 ಇದ್ದವು, 2021ರಲ್ಲಿ 3,054 ಆದವು. ಮಗು ತಿಂದಿದೆ ಅಂತ ಅನುಮಾನ ಬಂದರೂ ಸಾಕು, ಮಲಗಿ ಎದ್ದರೆ ಸರಿಹೋಗುತ್ತೆ ಅಂತ ಕಾಯದೆ ನೇರ ಆಸ್ಪತ್ರೆಗೆ ಹೋಗಬೇಕು, ಏನು ತಿಂದಿತು ಅಂತ ಡಾಕ್ಟರಿಗೆ ಮುಚ್ಚಿಡಬಾರದು.

ಅವನ ಹತ್ತಿರ ಜಗಳ ಬೇಡ. ಹೊಗೆ ಬಿಟ್ಟವನು ಇದನ್ನೂ ಬಿಡಬಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅವನೇ ಫೋನ್ ಮಾಡಬೇಕು ಅಂತೇನಿಲ್ಲ, ಮೊದಲು ನೀವೇ ಮಾಡಿ.