ಓದುಗರ ಪ್ರಶ್ನೆ: ಮಾಧ್ಯಮ ಮತ್ತು ಸಾರ್ವಜನಿಕ ಸಂಪರ್ಕದ ಸ್ನಾತಕೋತ್ತರ ಓದು

ಪ್ರಶ್ನೆ: ಪದವಿಯಲ್ಲಿ ಓದಿದ್ದು ರಸಾಯನಶಾಸ್ತ್ರ. ಈಗ ಮಾಧ್ಯಮ ಮತ್ತು ಸಾರ್ವಜನಿಕ ಸಂಪರ್ಕದಲ್ಲಿ ಸ್ನಾತಕೋತ್ತರ ಪದವಿ ಮಾಡುವ ಆಸೆ. ಪತ್ರಿಕೋದ್ಯಮದ ಗಂಧವಿಲ್ಲದವರಿಗೆ ಕಷ್ಟವಾದೀತೆ?

ಉತ್ತರ: ಬರವಣಿಗೆ ಸುಮಾರಾಗಿ ಬಂದರೆ ಸಾಕು, ಉಳಿದದ್ದನ್ನು ಕಲಿಯಬಹುದು. ಪ್ರಯೋಗಾಲಯದ ದಾಖಲೆ ಬರೆದು ರೂಢಿಯಿದ್ದವರಿಗೆ ಸಂಶೋಧನಾ ವಿಧಾನದ ಪತ್ರಿಕೆ ಇತರರಿಗಿಂತ ಸಲೀಸು. ಹೊಸಬರು ಎಡವುವುದು ಸಿದ್ಧಾಂತವನ್ನು ಅನ್ವಯಿಸುವಾಗ. ವಿದ್ವಾಂಸರಾದ ಗ್ರುನಿಗ್ ಮತ್ತು ಹಂಟ್ 1984ರಲ್ಲಿ ಮುಂದಿಟ್ಟ ಸಾರ್ವಜನಿಕ ಸಂಪರ್ಕದ ನಾಲ್ಕು ಮಾದರಿಗಳನ್ನೇ ತೆಗೆದುಕೊಳ್ಳಿ: ಪ್ರಚಾರ, ಸಾರ್ವಜನಿಕ ಮಾಹಿತಿ, ದ್ವಿಮುಖ ಅಸಮ, ದ್ವಿಮುಖ ಸಮ. ಹೆಸರುಗಳು ಎಲ್ಲರಿಗೂ ಬಾಯಿಗೆ ಬರುತ್ತವೆ. ಸಂಸ್ಥೆಯೊಂದು ಗ್ರಾಹಕರ ಸಮೀಕ್ಷೆ ನಡೆಸಿದೆ, ಇದು ಯಾವ ಮಾದರಿ ಎಂದು ಕೇಳಿದರೆ ಬಹಳಷ್ಟು ಮಂದಿ ಕಣ್ಣುಮುಚ್ಚಿ ‘ದ್ವಿಮುಖ ಸಮ’ ಎಂದು ಬರೆಯುತ್ತಾರೆ. ಸಮೀಕ್ಷೆ ನೋಡಿ ಸಂಸ್ಥೆ ತನ್ನ ನಡೆಯನ್ನೂ ಬದಲಿಸಿಕೊಳ್ಳಲು ಸಿದ್ಧವಿದ್ದರೆ ಮಾತ್ರ ಅದು ಸಮ. ಜನರನ್ನು ಒಲಿಸುವ ಮಾತನ್ನು ಇನ್ನಷ್ಟು ಹರಿತಗೊಳಿಸಲು ಬಳಸಿಕೊಂಡರೆ ಅಸಮವೇ.

ಪ್ರಶ್ನೆ: ‘ಬ್ರ್ಯಾಂಡ್ ಇಮೇಜ್ ಮೇಲೆ ಸಾಮಾಜಿಕ ಜಾಲತಾಣಗಳ ಪರಿಣಾಮ’ ಎಂಬ ನನ್ನ ಡೆಸರ್ಟೇಷನ್ ವಿಷಯವನ್ನು ಗೈಡ್ ಒಪ್ಪಲಿಲ್ಲ. ವಿಷಯ ವಿಶ್ಲೇಷಣೆ (ಕಂಟೆಂಟ್ ಅನಾಲಿಸಿಸ್: ಬರಹಗಳನ್ನು ವಿಂಗಡಿಸಿ ಎಣಿಸುವ ವಿಧಾನ) ಮಾಡುವುದಾದರೆ ಡೆಸರ್ಟೇಷನ್‌ನ ವಿಷಯವನ್ನೇ ಬದಲಿಸಿ ಎನ್ನುತ್ತಾರೆ. ಏನು ತಪ್ಪು?

ಉತ್ತರ: ‘ಪರಿಣಾಮ’ ಎಂಬ ಪದವೇ ತೊಡಕು. ಪೋಸ್ಟ್‌ಗಳನ್ನು ವಿಂಗಡಿಸಿ ಎಣಿಸಿದರೆ ಏನು ಹೇಳಲಾಗಿದೆ ಎಂಬುದು ತಿಳಿಯುತ್ತದೆಯೇ ಹೊರತು ಓದಿದವರ ತಲೆಯಲ್ಲಿ ಏನಾಯಿತು ಎಂಬುದಲ್ಲ. ಮಾಧ್ಯಮ ಸಂಶೋಧಕರಾದ ಮೆಕೋಂಬ್ಸ್ ಮತ್ತು ಶಾ 1968ರ ಅಮೆರಿಕದ ಚುನಾವಣೆಯನ್ನು ಅಧ್ಯಯನ ಮಾಡಿದಾಗ ಸುದ್ದಿಯನ್ನಷ್ಟೇ ಎಣಿಸಲಿಲ್ಲ. ಇನ್ನೂ ನಿರ್ಧರಿಸಿರದ 100 ಮತದಾರರನ್ನೂ ಮಾತನಾಡಿಸಿ ಎರಡನ್ನೂ ಹೋಲಿಸಿದರು. ಅಷ್ಟಾದರೂ ಕೈಗೆ ಸಿಕ್ಕಿದ್ದು ಸಹಸಂಬಂಧ, ಅಂದರೆ ಎರಡೂ ಹೊಂದಿಕೊಂಡಿವೆ ಎಂಬುದಷ್ಟೇ, ಒಂದರಿಂದ ಇನ್ನೊಂದಾಯಿತು ಎಂಬುದಲ್ಲ.

ಎಟಕುವ ಪ್ರಶ್ನೆ ಹೀಗಿರಬಹುದು: ಉತ್ಪನ್ನವೊಂದನ್ನು ಮಾರುಕಟ್ಟೆಯಿಂದ ವಾಪಸ್ ಪಡೆದ ಮೇಲಿನ 30 ದಿನ, ಎರಡು ದಿನಪತ್ರಿಕೆಗಳು ಹೊಣೆಯನ್ನು ಯಾರ ಮೇಲೆ ಹೊರಿಸಿದವು? ಬಿಕ್ಕಟ್ಟಿನ ಸಂವಹನದ ಬಗ್ಗೆ ಸಂಶೋಧಕ ಕೂಂಬ್ಸ್ ಮಾಡಿದ ವಿಂಗಡಣೆ ಇಲ್ಲಿ ಕೆಲಸಕ್ಕೆ ಬರುತ್ತದೆ: ಸಂಸ್ಥೆಯೇ ಬಲಿಪಶು, ಆಕಸ್ಮಿಕ, ತಡೆಯಬಹುದಾಗಿದ್ದದ್ದು. ಸಿದ್ಧಾಂತದ ಅಧ್ಯಾಯ ಒಂದು ಕಡೆ, ಕೋಷ್ಟಕಗಳು ಇನ್ನೊಂದು ಕಡೆ ಅನಾಥವಾಗಿ ಬೀಳುವುದು ಇದರಿಂದ ತಪ್ಪುತ್ತದೆ.

ನಂತರ ಕೋಡ್‌ಬುಕ್, ಅಂದರೆ ಯಾವ ವರದಿ ಯಾವ ವರ್ಗಕ್ಕೆ ಸೇರುತ್ತದೆ ಎಂಬ ನಿಯಮಗಳ ಪಟ್ಟಿ. ಎಣಿಕೆಯ ಘಟಕ ಇಡೀ ವರದಿಯೋ ಪ್ಯಾರಾವೋ ಎಂದು ಮೊದಲೇ ಬರೆದಿಡಿ. ‘ನಕಾರಾತ್ಮಕ ಧ್ವನಿ’ ಎಂದಷ್ಟೇ ಬರೆದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ‘ಶೀರ್ಷಿಕೆ ಅಥವಾ ಮೊದಲ ಪ್ಯಾರಾದಲ್ಲಿ ಸಂಸ್ಥೆಯ ನಿರ್ಧಾರವೇ ಹಾನಿಗೆ ಕಾರಣವೆಂದು ಹೇಳಿದ್ದರೆ’ ಎಂದು ಬರೆದರೆ ಜಗಳವಿಲ್ಲ. ಪ್ರತಿ ವರ್ಗಕ್ಕೂ ಹೊಂದುವ ಒಂದು ಉದಾಹರಣೆ, ಹೊಂದಿದಂತೆ ಕಂಡು ಹೊಂದದ ಇನ್ನೊಂದು ಉದಾಹರಣೆ ಕೊಡಿ. ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬರುವುದು.

ವರದಿಗಳನ್ನು ಹೀಗೆ ವರ್ಗಕ್ಕೆ ಹಾಕುವ (ಕೋಡ್ ಮಾಡುವ) ಇನ್ನೊಬ್ಬ ಕೋಡರ್ ಬೇಕೇಬೇಕು. ಆಯ್ದುಕೊಂಡ ವರದಿಗಳ ಕನಿಷ್ಠ 10%ನ್ನು ಇಬ್ಬರೂ ಪರಸ್ಪರ ಕೇಳದೆ ಕೋಡ್ ಮಾಡಿ. ‘85% ಹೊಂದಾಣಿಕೆಯಿದೆ’ ಎಂದು ಬೀಗಬೇಡಿ. ಇಬ್ಬರೂ 90% ವರದಿಗಳನ್ನು ‘ತಟಸ್ಥ’ ಎಂದೂ ಉಳಿದದ್ದನ್ನು ‘ನಕಾರಾತ್ಮಕ’ ಎಂದೂ ಗುರುತಿಸಿದ್ದರೆ, ಆಕಸ್ಮಿಕವಾಗಿಯೇ 82% ಹೊಂದುತ್ತದೆ (0.9×0.9 + 0.1×0.1). ಆಗ ಕೋಹೆನ್ ಕಪ್ಪಾ (ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ಲೆಕ್ಕ ಹಾಕುವ ಅಳತೆ) ಬರೀ 0.17, ಮೌಖಿಕ ಪರೀಕ್ಷೆಯಲ್ಲಿ ಇದು ನಿಲ್ಲುವುದಿಲ್ಲ. ಇಂಥದ್ದೇ ಇನ್ನೊಂದು ಅಳತೆಯಾದ ಕ್ರಿಪೆಂಡಾರ್ಫ್ ಆಲ್ಫಾ ಬಳಸುವುದಾದರೆ 0.80 ದಾಟಲಿ, 0.667ಕ್ಕಿಂತ ಕೆಳಗಿದ್ದರೆ ಆ ವರ್ಗವನ್ನು ಕೈಬಿಡಿ, ಇಲ್ಲವೇ ವ್ಯಾಖ್ಯೆ ತಿದ್ದಿ ಹೊಸ ವರದಿಗಳ ಮೇಲೆ ಮತ್ತೆ ಪರೀಕ್ಷಿಸಿ. ಚರ್ಚಿಸಿ ಒಮ್ಮತಕ್ಕೆ ತಂದ ವರದಿಗಳನ್ನೇ ಈ ಲೆಕ್ಕಕ್ಕೆ ಸೇರಿಸುವುದು ಬಹಳ ಸಾಮಾನ್ಯವಾದ ಕಳ್ಳದಾರಿ, ಪರೀಕ್ಷಕರಿಗೆ ಗೊತ್ತಿರದದ್ದೇನೂ ಅಲ್ಲ.

ಪ್ರಶ್ನೆ: ಇಂಟರ್ನ್‌ಶಿಪ್‌ನಲ್ಲಿ ಪತ್ರಿಕಾ ತುಣುಕುಗಳ ಅಳತೆ ಹಿಡಿದು, ಅಷ್ಟು ಜಾಗದ ಜಾಹೀರಾತಿಗೆ ಎಷ್ಟಾಗುತ್ತಿತ್ತೋ ಅದನ್ನೇ ಪಿಆರ್‌ನ ಮೌಲ್ಯವೆಂದು ತೋರಿಸಲು ಹೇಳಿದ್ದಾರೆ. ವರದಿಯಲ್ಲಿ ಹಾಗೆ ಬರೆಯಬಹುದೇ?

ಉತ್ತರ: ಬೇಡ. ಸಂವಹನದ ಫಲವನ್ನು ಅಳೆಯುವ ಬಗೆಗಿನ 2010ರ ಬಾರ್ಸಿಲೋನಾ ತತ್ತ್ವಗಳು ಇದು ಸಾರ್ವಜನಿಕ ಸಂಪರ್ಕದ ಮೌಲ್ಯವೇ ಅಲ್ಲವೆಂದು ಸ್ಪಷ್ಟವಾಗಿ ಹೇಳಿವೆ. ದರಪಟ್ಟಿ ಜಾಗದ ಬೆಲೆ ಹೇಳುತ್ತದೆ, ಓದಿದವರು ಏನು ಮಾಡಿದರು ಎಂಬುದನ್ನಲ್ಲ. ಸಂಸ್ಥೆಯನ್ನು ತರಾಟೆಗೆ ತೆಗೆದುಕೊಂಡ ಅರ್ಧ ಪುಟದ ವರದಿಗೂ ಈ ಲೆಕ್ಕದಲ್ಲಿ ಭರ್ಜರಿ ಮೊತ್ತವೇ ಬರುತ್ತದೆ! ಬದಲಿಗೆ ಏನು ಪ್ರಕಟವಾಯಿತು, ಜನರಿಗೆ ಎಷ್ಟು ತಲುಪಿ ನೆನಪಿನಲ್ಲಿ ಉಳಿಯಿತು, ಅವರ ಅಭಿಪ್ರಾಯ ಅಥವಾ ನಡವಳಿಕೆ ಬದಲಾಯಿತೇ ಎಂಬ ಮೂರು ಹಂತಗಳನ್ನು ಬೇರೆಬೇರೆಯಾಗಿ ತೋರಿಸಿ. ಮೂರನೆಯದಕ್ಕೆ ಅಭಿಯಾನ ಶುರುವಾಗುವ ಮೊದಲಿನ ಅಂಕಿ ಕೈಯಲ್ಲಿರಬೇಕು. ಮುಗಿದ ಮೇಲೆ ಅದನ್ನು ಹುಡುಕಿದರೆ ಸಿಗುವುದಿಲ್ಲ.

ಪ್ರಶ್ನೆ: ಕೆಲಸದ ಸಂದರ್ಶನಕ್ಕೆ ಪೋರ್ಟ್‌ಫೋಲಿಯೊದಲ್ಲಿ ಏನಿರಬೇಕು?

ಉತ್ತರ: ನಾಲ್ಕೈದು ಕೆಲಸ ಸಾಕು. ಪತ್ರಿಕಾ ಪ್ರಕಟಣೆ ಒಂದು ಪುಟ ಮೀರದಿರಲಿ, ಸುದ್ದಿ ಮೊದಲ ಪ್ಯಾರಾದಲ್ಲೇ ಇರಲಿ. ಸಂಸ್ಥೆಯ ಪರಿಚಯ ಕೊನೆಗೆ. ಜೊತೆಗೆ ಅರ್ಧ ಪುಟದ ಟಿಪ್ಪಣಿ ಇಡಿ: ಯಾರನ್ನು ಉದ್ದೇಶಿಸಿ ಬರೆದದ್ದು, ಯಾವ ಪತ್ರಕರ್ತರಿಗೆ ಕಳಿಸಲು, ಏಕೆ. ತಂಡದಲ್ಲಿ ಮಾಡಿದ್ದರೆ ನಿಮ್ಮ ಪಾಲು ಎಷ್ಟೆಂದು ಬರೆಯಿರಿ. ಇಂಟರ್ನ್‌ಶಿಪ್‌ನ ಗೋಪ್ಯ ದಾಖಲೆಗಳನ್ನು ಅನುಮತಿಯಿಲ್ಲದೆ ಸೇರಿಸಬೇಡಿ.